ಅಂಗಳದಿಂದ ಅಳಿವೆಗೆ

ಗಂಗೊಳ್ಳಿಯಲ್ಲಿ ಮ್ಯಾಂಗನೀಸ್ ರಸ್ತೆ ಎಂದೊಂದು ರಸ್ತೆಯಿದೆ. ಮ್ಯಾಂಗನೀಸು ಯಾವ ಕಾಲಕ್ಕೋ ಹಡಗು ಹತ್ತಿ ಹೋಯಿತು, ಹೆಸರು ಮಾತ್ರ ದಡದಲ್ಲೇ ಉಳಿಯಿತು. ನನ್ನ ಕಥೆಯೂ ಹೆಚ್ಚುಕಡಿಮೆ ಹಾಗೆಯೇ. ನನ್ನ ಓರಗೆಯವರಲ್ಲಿ ಕೆಲವರು ಕಡಲಿಗೆ ಹೋದರು, ಕೆಲವರು ಬೊಂಬಾಯಿಗೆ ಹೋದರು. ನಾನು ಎಲ್ಲಿಗೂ ಹೋಗದೆ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ರಿಟೈರಾದೆ. ಆದರೆ ಹತ್ತನೇ ವಯಸ್ಸಿನಿಂದ ತಲೆಯೊಳಗೆ ಒಂದೇ ಹುಳ: ಸ್ವಂತದ್ದೊಂದು ಹಾಯಿದೋಣಿ ಕಟ್ಟಬೇಕು, ಅಳಿವೆ ದಾಟಬೇಕು, ಆಮೇಲೆ ಗಾಳಿ ಉಂಟು, ನಾನುಂಟು.

ಮೊದಲ ಹಡಗನ್ನು ಆ ವಯಸ್ಸಿನಲ್ಲೇ ಕಟ್ಟಿದ್ದೆ. ನಾಲ್ಕು ಬಾಳೆದಿಂಡು, ಎರಡು ಬಿದಿರು ಗೂಟ, ಹಾಯಿಗೆ ಅಪ್ಪಯ್ಯನ ಹೊಸ ಬೈರಾಸು. ನೀರಿಗಿಳಿದ ಹಡಗು ನನ್ನನ್ನು ಕೆಸರಿಗೆ ಕೆಡವಿ, ಬೈರಾಸಿನ ಸಮೇತ ಇಳಿತದ ನೀರಿನಲ್ಲಿ ಪಡುವಣಕ್ಕೆ ಹೋಯಿತು. ಅಂದು ಬಿದ್ದ ಪೆಟ್ಟಿಗಿಂತ ಹೆಚ್ಚು ನೆನಪಿರುವುದು ಒಂದು ಹೊಟ್ಟೆಕಿಚ್ಚು. ನಾನು ಕಾಣದ ಕಡಲನ್ನು ಆ ಬೈರಾಸು ಕಂಡಿತಲ್ಲ!

ಕಾಲೇಜಿಗೆ ಬಂದ ಮೇಲೆ ಹಳೆಯ ಪತ್ರಿಕೆಯೊಂದರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಸಿಕ್ಕಿದ. 1968ರಲ್ಲಿ ಇಂಗ್ಲೆಂಡಿನ ಫಾಲ್ಮೌತಿನಿಂದ ಒಬ್ಬನೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿ, 312 ದಿನಗಳ ಮೇಲೆ 1969ರ ಏಪ್ರಿಲ್ 22ರಂದು ಫಾಲ್ಮೌತಿಗೇ ಬಂದು ಮುಟ್ಟಿದವನು. ಪಂದ್ಯಕ್ಕೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಸೇರಿದವನು ಅವನೊಬ್ಬನೇ. ನಾನು ಕುರ್ಚಿಯಿಂದ ಎದ್ದು ನಿಂತದ್ದು ಮುಂದಿನ ಸಾಲಿಗೆ. ಅವನ ಹಾಯಿದೋಣಿ 'ಸುಹೈಲಿ' ತಯಾರಾದದ್ದು ನಮ್ಮ ಬೊಂಬಾಯಿಯಲ್ಲಿ. ಮರ ಸಾಗುವಾನಿ, ಉದ್ದ 32 ಅಡಿ. ನಮ್ಮ ಆಚಾರಿಗಳಂತೆಯೇ ಬಾಚಿ ಹಿಡಿದು ಕೆತ್ತುವವರು ಕಟ್ಟಿಕೊಟ್ಟ ದೋಣಿ ಭೂಮಿ ಸುತ್ತಿದೆ ಎಂದಾದರೆ ಗಂಗೊಳ್ಳಿಯವನಿಗೆ ಇನ್ನೇನು ಅಡ್ಡಿ?

ಅಡ್ಡಿ ಇದ್ದದ್ದು ಅಂಗಳದಲ್ಲಿ. ಮದುವೆಯಾದ ಹೊಸದರಲ್ಲಿ ಟೇಪು ಹಿಡಿದು ಅಳೆದೆ. ತುಳಸಿಕಟ್ಟೆಯಿಂದ ಬಾವಿಕಟ್ಟೆಗೆ 28 ಅಡಿ. ದೋಣಿ 32. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ಹೆಂಡತಿ ಕೇಳಿದಳು, "ತುಳಸಿ ತೆಗಿತ್ರ್ಯಾ, ಬಾವಿ ಮುಚ್ತ್ರ್ಯಾ?" ಎರಡೂ ಉಳಿದುವೆಂದೇ ಇಟ್ಟುಕೊಳ್ಳಿ. ಮನೆಯಿಂದ ರಸ್ತೆಗೆ ಹೋಗುವ ಓಣಿ ಐದಡಿ, ದೋಣಿಯ ಹೊಟ್ಟೆ ಹನ್ನೊಂದಡಿ. ನಾಕ್ಸ್-ಜಾನ್‌ಸ್ಟನ್ನನ ಕಥೆ ಹೇಳಿ ಅವಳನ್ನು ಒಲಿಸಲು ನೋಡಿದೆ. ಪೂರ್ತಿ ಕೇಳಿದಳು. ಕೊನೆಗೆ, "ಹೊರ್ಟಲ್ಲಿಗೇ ವಾಪಾಸ್ ಬಪ್ಪುದಾರೆ ಹೋಪುದ್ ಎಂತಕ್ಕೆ?" ಎಂದಳು. ಆಮೇಲೆ ಮೂವತ್ತು ವರ್ಷ ಲೆಕ್ಕ ಕಲಿಸಿದರೂ ಈ ಲೆಕ್ಕಕ್ಕೆ ಉತ್ತರ ಹೊಳೆಯಲಿಲ್ಲ.

ರಿಟೈರಾದ ವರ್ಷ ಜೂನಿನಲ್ಲಿ ಮ್ಯಾಂಗನೀಸ್ ರಸ್ತೆಯತ್ತ ಕಾಲು ಹೊರಳಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬೋಟುಗಳಿಗೆ ಮೀನುಗಾರಿಕೆ ರಜೆ. ಆಗ ಬೋಟುಗಳು ನೀರು ಬಿಟ್ಟು ಮೇಲೆ ಬಂದು, ಊರಿನ ಮನೆಗಳಿಗಿಂತ ಎತ್ತರವಾಗಿ ಸಾಲಾಗಿ ನಿಲ್ಲುತ್ತವೆ. ಅವುಗಳ ಹೊಟ್ಟೆಯಡಿ ಆಡುಗಳು ಮಳೆಗೆ ನಿಂತು ಮೆಲುಕು ಹಾಕುತ್ತವೆ. ಬಣ್ಣ, ಡೀಸೆಲು, ಒಣಮೀನಿನ ವಾಸನೆಗಳು ಒಂದನ್ನೊಂದು ತಳ್ಳಾಡುತ್ತವೆ. ಹೊಸ ನಾಡದೋಣಿಗಳೆಲ್ಲ ಈಗ ಫೈಬರಿನವು, ದೊಡ್ಡ ಬೋಟುಗಳಿಗೆ ಉಕ್ಕು ಬಂದಿದೆ. ಮರದ ಕೆಲಸ ಬಲ್ಲ ಆಚಾರಿಗಳು ಬೆರಳೆಣಿಕೆ. ಅವರಲ್ಲೊಬ್ಬರು ನನ್ನನ್ನು ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೇ ದಿನ, "ಹ್ವಾಯ್ ಮಾಷ್ಟ್ರೆ, ನಿಂತ್ಕಂಡ್ ಕಾಂಬುದಾರೆ ಕೂತ್ಕಂಡ್ ಹತ್ತಿ ಹೊಸಿನಿ" ಎಂದು ಒಂದು ಉಂಡೆ ಹತ್ತಿ ಕೈಗೆ ಹಾಕಿದರು.

ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿ ತುರುಕುವುದು ದೋಣಿ ಕೆಲಸದ ಒಂದನೇ ತರಗತಿ. ಹತ್ತಿಯನ್ನು ತೊಡೆಯ ಮೇಲೆ ಬತ್ತಿಯಂತೆ ಹೊಸೆಯಬೇಕು, ಸಂದಿಗಿಟ್ಟು ಮೊಂಡು ಉಳಿಯಿಂದ ಒತ್ತಬೇಕು, ಮೇಲೆ ಕೊಡತಿಯ ಪೆಟ್ಟು. ಬಿಗಿ ಕಡಿಮೆಯಾದರೆ ನೀರು ಬರುತ್ತದೆ, ಹೆಚ್ಚಾದರೆ ಹಲಗೆಯೇ ಬಾಯಿ ಬಿಡುತ್ತದೆ. ನಾನು ಬೆತ್ತದ ಕಾಲದ ಮೇಷ್ಟರು, ಬಾರಿಸತೊಡಗಿದೆ. ಆಚಾರಿ ಕೈ ಹಿಡಿದರು. "ಬರೀ ಹೊಡ್ದ್ರೆ ಸಾಕಾತಿಲ್ಲೆ ಮಾಷ್ಟ್ರೆ, ಕೇಂಬುಕೂ ಬೇಕ್." ಕಿವಿಗೊಟ್ಟೆ. ಸಂದಿ ಖಾಲಿಯಿದ್ದಾಗ ಪೆಟ್ಟು 'ಬೊದ್' ಎನ್ನುತ್ತದೆ. ತುಂಬುತ್ತ ಬಂದಂತೆ ಸದ್ದು ಮೇಲೇರಿ, ಸರಿಯಾದ ಬಿಗಿಗೆ 'ಟಣ್' ಎನ್ನುತ್ತದೆ. ಆ ಒಂದು 'ಟಣ್' ಹೊರಡಿಸಲು ನನಗೆ ಎರಡು ಮಳೆಗಾಲ ಹಿಡಿಯಿತು.

ಅಂಗಡಿ ಕಟ್ಟೆಯ ಮೇಲೆ ಚಾ ಕುಡಿಯುತ್ತ ನಾನು ಅವರಿಗೆ ಜಗತ್ತಿನ ಸುದ್ದಿ ಹೇಳುತ್ತಿದ್ದೆ. ಗೋವಾದ ರತ್ನಾಕರ ದಾಂಡೇಕರ್ ಅವರ ಯಾರ್ಡಿನಲ್ಲಿ ಕಟ್ಟಿದ 'ಮ್ಹಾದೇಯಿ'ಯಲ್ಲಿ ನೌಕಾಪಡೆಯ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿದ್ದನ್ನು ಹೇಳಿದಾಗ ತಲೆಯಾಡಿಸಿ ಚಾ ಮುಗಿಸಿದರು. ಅವರು ಗ್ಲಾಸು ಕೆಳಗಿಟ್ಟದ್ದು ಕೌಂಡಿನ್ಯದ ಸುದ್ದಿಗೆ. ಅಜಂತಾದ ಐದನೇ ಶತಮಾನದ ಚಿತ್ರವೊಂದೇ ಆಧಾರ, ನಕ್ಷೆಯಿಲ್ಲ. ಅದನ್ನು ನೋಡಿ ಕೇರಳದ ಬಾಬು ಶಂಕರನ್ ಅವರ ಕೈಕೆಳಗಿನ ಬಡಗಿಗಳು ಗೋವಾದಲ್ಲಿ ಕಟ್ಟಿದ ಹಡಗು. ಮೊಳೆಯ ಬದಲು ತೆಂಗಿನ ನಾರಿನ ಹುರಿ ಹಾಕಿ ಹಲಗೆಗೆ ಹಲಗೆ ಹೊಲಿದದ್ದು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡ.

"ನಮ್ಮಜ್ಜನೂ ಹೊಲಿತಿದ್ದ" ಎಂದರು ಆಚಾರಿ. ಹೊಲಿದ ದೋಣಿ ತೆರೆಯ ಹೊಡೆತಕ್ಕೆ ಮುರಿಯದೆ ಬಾಗುತ್ತದೆ, ಮೊಳೆಯಂತೆ ತುಕ್ಕು ಹಿಡಿಯುವುದಿಲ್ಲ, ಸಡಿಲಾದರೆ ಬಿಚ್ಚಿ ಮತ್ತೆ ಹೊಲಿಯಬಹುದು ಎಂದು ವಿವರಿಸಿದರು. ಆಮೇಲೆ ನನ್ನ ಮುಖ ನೋಡಿ, "ನಿಮ್ದ್ ಎಷ್ಟಡಿ ಅಂದ್ರಿ? ಮೂವತ್ತೆರಡಾ? ಹನ್ನೆರಡಡಿದ್ ಮಾಡ್ವ" ಎಂದರು. ನಾನು ಒಪ್ಪಿದೆ. ಹನ್ನೆರಡಾದರೆ ತುಳಸಿಯೂ ಉಳಿಯುತ್ತದೆ, ಬಾವಿಯೂ ಉಳಿಯುತ್ತದೆ, ನಾಲ್ಕಡಿಯ ಹೊಟ್ಟೆ ಓಣಿಯಲ್ಲೂ ಹೋಗುತ್ತದೆ.

ಹೆಬ್ಬಲಸಿನ ಹಲಗೆ ತಂದೆವು. ಅವರು ಕಾಗದದಲ್ಲಿ ಗೆರೆ ಎಳೆಯಲಿಲ್ಲ. ಅಡಿಮರ ಇಟ್ಟು, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುವುದೇ ಅವರ ನಕ್ಷೆ. ಕೆತ್ತಿದ್ದು ಅವರು, ಹತ್ತಿ ತುರುಕಿದ್ದು ನಾನು. ದೀಪಾವಳಿಗೆ ದೋಣಿ ಸಿದ್ಧವಾಯಿತು. ನಾನು ಆಗಲಿಲ್ಲ. ಇವತ್ತು ಗಾಳಿ ಜೋರು, ನಾಳೆ ಅಮಾವಾಸ್ಯೆ, ನಾಡಿದ್ದು ಮಂಡಿನೋವು. ಮಾಡಿನಡಿ ದೋಣಿ ಸುಮಾರು ಮೂರು ತಿಂಗಳು ಕೂತಿತು. ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದೆ.

ಅಷ್ಟರಲ್ಲಿ ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟ ಕೌಂಡಿನ್ಯ ಜನವರಿ 14ಕ್ಕೆ ಮಸ್ಕತ್ತು ಮುಟ್ಟಿತು. ಹುರಿಯಲ್ಲಿ ಹೊಲಿದ ಹಡಗು ಅರಬ್ಬೀ ಸಮುದ್ರ ದಾಟಿದ ಮೇಲೆ ನನ್ನ ಮಂಡಿನೋವಿಗೆ ಬೆಲೆ ಉಳಿಯಲಿಲ್ಲ. ಸಂಕ್ರಾಂತಿ ಕಳೆದು ಎರಡನೇ ದಿನ ನಾಲ್ಕು ಜನ ಹೊತ್ತು ನೀರಿಗಿಳಿಸಿದೆವು. ಐದು ನಿಮಿಷದಲ್ಲಿ ದೋಣಿಯೊಳಗೆ ಪಾದ ಮುಳುಗುವಷ್ಟು ನೀರು. ನನ್ನ ಹತ್ತಿಯ ಗತಿ ಇಷ್ಟೇ ಎಂದು ಮುಖ ಸಣ್ಣದಾಯಿತು. ಆಚಾರಿ ಬೀಡಿ ಹಚ್ಚಿದರು. "ಹತ್ತಿದ್ ತಪ್ಪಲ್ಲ. ಮೇಲೆ ಕೂತ್ ಕೂತ್ ಮರ ಒಣ್ಗಿತ್. ಅದ್ಕೆ ಆಸ್ರಿ ಆಯ್ತ್. ಕುಡಿಲಿ ಬಿಡಿ."

ದೋಣಿಯನ್ನು ಹಾಗೆಯೇ ನೀರಿನಲ್ಲಿ ಮುಳುಗಿಸಿ, ಹಗ್ಗ ಕಟ್ಟಿ ಬಿಟ್ಟೆವು. ಮೂರನೇ ದಿನ ನೀರು ಮೊಗೆದು ಚೆಲ್ಲಿದರೆ ಒಳಗೆ ಒಂದು ಹನಿ ಬರಲಿಲ್ಲ. ಹಲಗೆ ಉಬ್ಬಿತ್ತು, ಹತ್ತಿಯೂ ಉಬ್ಬಿತ್ತು, ಸಂದಿಗಳು ತಾವೇ ಮುಚ್ಚಿಕೊಂಡಿದ್ದವು.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿ ನಮ್ಮದು. ಆಚೆ ದಡದ ಕುಂದಾಪುರ ಕಣ್ಣಿಗೆ ಕಾಣುತ್ತದೆ, ರಸ್ತೆಯಲ್ಲಿ ಹೋದರೆ ಸುತ್ತುಬಳಸಿ 15 ಕಿಲೋಮೀಟರಿಗೆ ಕಡಿಮೆಯಿಲ್ಲ. ಮಳೆಗಾಲದಲ್ಲಿ ಕಟ್ಟಿಗೆ ಮುಚ್ಚುವ ನೀಲಿ ಟರ್ಪಾಲನ್ನು ಹೆಂಡತಿಯೇ ಹಾಯಿಗೆ ಕತ್ತರಿಸಿ ಅಂಚು ಹೊಲಿದುಕೊಟ್ಟಳು. ಬೈರಾಸು ಕೇಳಿಯೇನೆಂಬ ಭಯವಿತ್ತೋ ಏನೋ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದಿತು. ಟರ್ಪಾಲು ಪಟಪಟ ಬಡಿದುಕೊಂಡು, ಒಮ್ಮೆಲೇ ತುಂಬಿ, ಮೌನವಾಯಿತು. ದೋಣಿ ತಾನಾಗಿ ಹೊರಟಿತು. ಎಡಕ್ಕೆ ಐದು ಹೊಳೆ, ಬಲಕ್ಕೆ ಅಳಿವೆಯ ಬಿಳಿ ತೆರೆ. ಬಲಕ್ಕೆ ಒಂದು ಸಲ ನೋಡಿದೆ. ಚುಕ್ಕಾಣಿ ತಿರುಗಿಸಲಿಲ್ಲ.

ಕುಂದಾಪುರ ಮುಟ್ಟಿದೆ. ಆದರೆ ಸಂಜೆಗೆ ಗಾಳಿ ಬಿತ್ತು, ಇಳಿತವೂ ಶುರುವಾಯಿತು. ದೋಣಿಯನ್ನು ಅಲ್ಲಿಯೇ ಗುರುತಿನವರ ತೆಂಗಿನ ಮರಕ್ಕೆ ಕಟ್ಟಿ, ಒದ್ದೆ ಪಂಚೆಯಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ "ಎಲ್ಲಿಗೆ?" ಎಂದ. "ಗಂಗೊಳ್ಳಿ" ಎಂದೆ. ಹೊರಟದ್ದೂ ಅಲ್ಲಿಂದಲೇ ಎಂಬುದು ಆಗ ಹೊಳೆದು ಒಬ್ಬನೇ ನಕ್ಕೆ. ಪಕ್ಕದವರು ಸ್ವಲ್ಪ ಸರಿದು ಕೂತರು.

ಮನೆಗೆ ಬಂದಾಗ ಹೆಂಡತಿ ದೋಣಿ ಎಲ್ಲಿ ಎಂದು ಕೇಳಲಿಲ್ಲ. ಬೆಲ್ಲದ ಚೂರು, ತಂಬಿಗೆ ನೀರು ತಂದು ಎದುರಿಗಿಟ್ಟು, "ಆಸ್ರಿ ಕುಡಿನಿ" ಎಂದಳು.