ಸೆಟ್ಟಿಗೆ ಎಂತದೂ ಆಗಿಲ್ಲ

ಶಿವಮೊಗ್ಗದ ಸಾಗರ ರಸ್ತೆ, ಆಟೋ ಕಾಂಪ್ಲೆಕ್ಸ್. ಆಗಸ್ಟಿನ ಮಳೆ ಈಗಷ್ಟೇ ಹೊಳವಾಗಿದೆ, ತಗಡಿನ ಮಾಡಿನ ಅಂಚಿನಲ್ಲಿ ಇನ್ನೂ ಹನಿ ಬೀಳುತ್ತಿದೆ. ನೀವು 1998ರ ಮಾರುತಿ ಝೆನ್ ಕಾರಿನ ಎಡ ಸೀಟಿನಲ್ಲಿ ಕೂತಿದ್ದೀರಿ. ಸ್ಟಿಯರಿಂಗ್ ಮುಂದೆ ಕಾರಿನ ಯಜಮಾನರು, ನಿವೃತ್ತ ಮೇಷ್ಟ್ರು. ಕಿಟಕಿಯೊಳಗೆ ತಲೆ ತೂರಿಸಿ ನಿಂತವರು ಎಲೆಕ್ಟ್ರಿಷಿಯನ್. ಇಲ್ಲಿ ಎಲ್ಲರಿಗೂ ಅವರು ಮೇಸ್ತ್ರಿ.

"ಸ್ಟಾರ್ಟ್ ಮಾಡಿ ಮೇಷ್ಟ್ರೇ, ಕೇಳುವ."

ಇಂಜಿನ್ ಹತ್ತುತ್ತದೆ. ಸ್ಟೀರಿಯೋ ಸೆಟ್ಟಿನ ಹಾಡಿನ ಹಿಂದೆಯೇ ಒಂದು ಸಣ್ಣ ಸಿಳ್ಳು. ಆಕ್ಸಿಲರೇಟರ್ ಒತ್ತಿದರೆ ಸಿಳ್ಳು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಅದರ ಜೊತೆಗೆ ಎಡ ಬಾಗಿಲಿನ ಸ್ಪೀಕರ್ ತನಗೆ ಬೇಕಾದಾಗ ಹಾಡುತ್ತದೆ, ಬೇಡವಾದಾಗ ಸುಮ್ಮನಾಗುತ್ತದೆ. "ಸೆಟ್ ಹೋಗಿದೆ, ಹೊಸ ಟಚ್‌ಸ್ಕ್ರೀನ್ ಹಾಕ್ಸಿ ಅಂತ ಎಲ್ಲರೂ ಹೇಳ್ತಾರೆ" ಎನ್ನುತ್ತಾರೆ ಮೇಷ್ಟ್ರು.

ಮೇಸ್ತ್ರಿ ಉತ್ತರ ಕೊಡುವುದಿಲ್ಲ. ಕೈ ಒಳಗೆ ಚಾಚಿ ವಾಲ್ಯೂಮ್ ಪೂರ್ತಿ ಇಳಿಸುತ್ತಾರೆ. ಹಾಡು ನಿಂತಿತು. ಸಿಳ್ಳು ಮಾತ್ರ ಇದ್ದಷ್ಟೇ ಇದೆ. ಫೇಡರನ್ನು ಪೂರ್ತಿ ಮುಂದಕ್ಕೆ ತಿರುಗಿಸುತ್ತಾರೆ. ಆಗಲೂ ಅದು ಹಿಂದಿನ ಪಾರ್ಸೆಲ್ ಟ್ರೇಯ ಎರಡು ಅಂಡಾಕಾರದ ಸ್ಪೀಕರುಗಳಿಂದಲೇ ಬರುತ್ತಿದೆ. ಮೀಟರನ್ನು ಇನ್ನೂ ಚೀಲದಿಂದ ತೆಗೆದಿಲ್ಲ, ಆಗಲೇ ಅರ್ಧ ಕಾರು ಅನುಮಾನದ ಪಟ್ಟಿಯಿಂದ ಆಚೆ ಹೋಯಿತು. ವಾಲ್ಯೂಮಿಗೆ ಬಗ್ಗದ ಸದ್ದು ವಾಲ್ಯೂಮ್ ದಾಟಿದ ಮೇಲೆ ಒಳನುಗ್ಗಿದ್ದು. ಹಿಂದಿನ ಸ್ಪೀಕರುಗಳಿಗೆ ಹೋಗುವ ದಾರಿಯಲ್ಲಿ ಇರುವುದು ಡಿಕ್ಕಿಯ ಆಂಪ್ಲಿಫೈಯರ್ ಒಂದೇ.

ಡಿಕ್ಕಿ ತೆರೆದಾಗ ಹಸಿ ಕಾರ್ಪೆಟ್ಟಿನ ವಾಸನೆ ಬರುತ್ತದೆ. ಆಂಪ್ಲಿಫೈಯರಿನಿಂದ ಎರಡು ಆಡಿಯೋ ಪಿನ್ನುಗಳನ್ನು ಮೇಸ್ತ್ರಿ ಕಿತ್ತ ಕೂಡಲೇ ಸಿಳ್ಳು ಮಾಯ. ಮತ್ತೆ ಸಿಕ್ಕಿಸುತ್ತಾರೆ, ಮತ್ತೆ ಸಿಳ್ಳು.

"ಈಗ ಮೀಟರ್ ಕೊಡೋ."

ಕೆಲಸದ ಹುಡುಗ ಮಲ್ಟಿಮೀಟರ್ ತರುತ್ತಾನೆ. ಇಂಜಿನ್ ಓಡುತ್ತಿದೆ, ಬ್ಯಾಟರಿಯಲ್ಲಿ 14.1 ವೋಲ್ಟ್, ಅಂದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ. ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದ ವೈರ್ ಡಿಕ್ಕಿಯವರೆಗೆ ಬರುತ್ತದೆ. ಮೀಟರಿನ ಒಂದು ಮುಳ್ಳು ಅದಕ್ಕೆ, ಇನ್ನೊಂದು ಆಂಪ್ಲಿಫೈಯರಿನ ಅರ್ಥ್ ಟರ್ಮಿನಲ್ಲಿಗೆ. ನೀವು ಬಗ್ಗಿ ನೋಡುತ್ತೀರಿ: 0.7 ವೋಲ್ಟ್. ಎರಡೂ ನೆಗೆಟಿವ್ ಬದಿಯೇ. ನಡುವಿನ ವ್ಯತ್ಯಾಸ ಸೊನ್ನೆಯ ಹತ್ತಿರ ಇರಬೇಕಿತ್ತು, 0.1 ದಾಟಬಾರದಿತ್ತು.

ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ಕರೆಂಟು. ಅದರೊಳಗಿನ ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ, ಆದರೂ ಅಲೆ ಸ್ವಲ್ಪ ಉಳಿಯುತ್ತದೆ. ಇಂಜಿನ್ ಜೋರಾದಂತೆ ಆ ಅಲೆಯ ಶ್ರುತಿ ಏರುತ್ತದೆ. ಅರ್ಥ್ ಗಟ್ಟಿಯಿದ್ದರೆ ಅದು ಕಿವಿಗೆ ಮುಟ್ಟುವುದೇ ಇಲ್ಲ. ಅರ್ಥ್ ಸಡಿಲಾದರೆ ಹಿಂದಿರುಗುವ ಕರೆಂಟು ಬೇರೆ ದಾರಿ ಹುಡುಕುತ್ತದೆ. ಸೆಟ್ಟಿನಿಂದ ಆಂಪ್ಲಿಫೈಯರಿಗೆ ಬರುವ ಆಡಿಯೋ ಕೇಬಲ್ಲಿನ ಹೊರಜಾಲರಿಯನ್ನು ಹಿಡಿದು ಹೋಗುತ್ತದೆ, ಅಲೆಯೂ ಅದರ ಜೊತೆಗೇ ಬಂದು ಹಾಡಿಗೆ ಸೇರುತ್ತದೆ.

ಮೇಸ್ತ್ರಿ ಅದೇ ಉದ್ದ ವೈರಿನ ತುದಿಯನ್ನು ಆಂಪ್ಲಿಫೈಯರಿನ ಅರ್ಥಿಗೆ ಒತ್ತಿ ಹಿಡಿಯುತ್ತಾರೆ. ಸಿಳ್ಳು ನಿಂತಿತು. ಮೇಷ್ಟ್ರು ಮುಂದಿನ ಸೀಟಿನಿಂದಲೇ "ಅರೇ!" ಎನ್ನುತ್ತಾರೆ. ನನ್ನನ್ನು ಕೇಳಿದರೆ ರಿಪೇರಿಯ ಇಡೀ ವಿದ್ಯೆ ಇರುವುದು ಈ ಗಳಿಗೆಯಲ್ಲಿ. ಒಂದು ಸಾಮಾನನ್ನೂ ಬದಲಿಸದೆ, ಒಂದು ರೂಪಾಯಿ ಖರ್ಚಿಲ್ಲದೆ, ತಪ್ಪು ಎಲ್ಲಿದೆ ಎಂದು ಎಲ್ಲರ ಕಿವಿಗೂ ಗೊತ್ತಾಗಿಬಿಡುತ್ತದೆ.

ಇಂಜಿನ್ ಬಂದ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕಾರ್ಪೆಟ್ ಎತ್ತುತ್ತಾರೆ. ಹಿಂದೆ ಯಾರೋ ಆಂಪ್ಲಿಫೈಯರ್ ಕೂರಿಸುವಾಗ ಅರ್ಥ್ ವೈರನ್ನು ಪೇಂಟಿನ ಮೇಲೇ ಬೋಲ್ಟ್ ಹಾಕಿ ಬಿಗಿದಿದ್ದಾರೆ. ವಾಷರಿನ ಸುತ್ತ ಕೆಂಪು ತುಕ್ಕು. ವೈರಿನ ತಾಮ್ರದ ಎಳೆಗಳು ಹಸಿರುಗಟ್ಟಿ, ಬೆರಳು ತಾಗಿದರೆ ಪುಡಿಯಾಗುತ್ತವೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಸವೆದಿದೆ, ಮಳೆಗಾಲವಿಡೀ ನೀರು ಇಲ್ಲಿಗೇ ಇಳಿದಿದೆ. ಮಲೆನಾಡಿನ ಹಳೇ ಕಾರುಗಳಲ್ಲಿ ವೈರಿಂಗಿಗೆ ಹಿಡಿಯುವ ಕಾಯಿಲೆ ಹೆಚ್ಚಾಗಿ ಹೀಗೆ ತೇವದಿಂದಲೇ ಶುರುವಾಗುವುದು.

ಹುಡುಗ ಎಮರಿ ಶೀಟಿನಲ್ಲಿ ಉಜ್ಜುತ್ತಾನೆ. "ಕಬ್ಬಿಣ ಹೊಳೀಬೇಕು, ಆಮೇಲೆ ವಾಷರ್." ಕೊಳೆತ ಎಳೆಗಳನ್ನು ಕತ್ತರಿಸಿ, ಹೊಸ ಲಗ್ ಒತ್ತಿ, ಬೋಲ್ಟ್ ಬಿಗಿದು, ಮೇಲಿಂದ ಗ್ರೀಸ್ ಸವರುತ್ತಾರೆ. ಬ್ಯಾಟರಿ ಸೇರಿಸಿ ಮತ್ತೆ ಅಳತೆ: 0.02.

ಇನ್ನು ಎಡ ಬಾಗಿಲು. ಸೆಟ್ಟನ್ನು ಹೊರಗೆಳೆದು ಹಿಂದಿನ ಕಪ್ಲರ್ ಬಿಡಿಸುತ್ತಾರೆ. ಹಳದಿ ಸದಾ ಬ್ಯಾಟರಿಯದು, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ಥ್. ಬಿಳಿ ಮತ್ತು ಕಪ್ಪು ಗೆರೆಯ ಬಿಳಿ, ಈ ಜೋಡಿ ಎಡ ಮುಂದಿನ ಸ್ಪೀಕರಿನದು. ಅದಕ್ಕೆ 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್ ತಾಗಿಸಿದರೆ ಬಾಗಿಲಿನೊಳಗೆ "ಟಪ್". ಸ್ಪೀಕರಿಗೆ ಜೀವ ಇದೆ. ಓಮ್ಸಿಗೆ ತಿರುಗಿಸಿದರೆ ಮೀಟರ್ 3.6 ಎನ್ನುತ್ತದೆ, 4 ಓಮ್ ಸ್ಪೀಕರಿಗೆ ಸರಿಯಾದ ಅಳತೆ.

"ಬಾಗಿಲು ನಿಧಾನ ತೆಗೀರಿ." ಇದು ನಿಮಗೆ.

ತೆಗೆಯುತ್ತೀರಿ. ಅರ್ಧಕ್ಕೆ ಬಂದಾಗ ಅಂಕಿ ಹಾರಿಹೋಗುತ್ತದೆ. ಮುಚ್ಚಿದರೆ ಮತ್ತೆ 3.6. ಕೀಲಿನ ಹತ್ತಿರದ ರಬ್ಬರ್ ಕೊಳವೆ ಸರಿಸಿದಾಗ, ವರ್ಷಗಟ್ಟಲೆ ಮಡಚಿ ಬಿಚ್ಚಿ ದಣಿದ ವೈರ್ ಸಿಗುತ್ತದೆ. ಹೊರಗಿನ ಪ್ಲಾಸ್ಟಿಕ್ ಸರಿಯಾಗೇ ಇದೆ, ಒಳಗೆ ತಾಮ್ರ ತುಂಡಾಗಿದೆ. ಹೊಸ ತುಂಡು ಜೋಡಿಸಿ, ಬೆಸುಗೆ ಹಾಕಿ, ಶ್ರಿಂಕ್ ಸ್ಲೀವ್ ಕಾಯಿಸಿ ಮುಗಿಸುತ್ತಾರೆ.

"ನೋಡಿ ಮೇಷ್ಟ್ರೇ, ಸೆಟ್ಟಿಗೆ ಎಂತದೂ ಆಗಿಲ್ಲ. ಹೊಸ ಟಚ್‌ಸ್ಕ್ರೀನ್ ಹಾಕ್ಸಿದ್ರೂ ಇದೇ ಸಿಳ್ಳು ಕೇಳ್ತಿದ್ರಿ."

ಇಂಜಿನ್ ಓಡುತ್ತಿದೆ, ಹಾಡು ಸ್ವಚ್ಛ. ಮೇಷ್ಟ್ರು ಎಎಂ ಗುಂಡಿ ಒತ್ತಿ 675 ಕಿಲೋಹರ್ಟ್ಸ್‌ಗೆ, ಆಕಾಶವಾಣಿ ಭದ್ರಾವತಿಗೆ ಬರುತ್ತಾರೆ. ಮಾತಿನ ನಡುವೆ ಟಿಕ್ ಟಿಕ್ ಟಿಕ್. ಆಕ್ಸಿಲರೇಟರ್ ಒತ್ತಿದರೆ ಟಿಕ್‌ಗಳು ಒತ್ತೊತ್ತಾಗುತ್ತವೆ. ಅವರ ಮುಖ ಬಾಡುತ್ತದೆ.

"ಇದು ಬೇರೆ" ಎಂದು ಮೇಸ್ತ್ರಿ ಬಾನೆಟ್ ಎತ್ತುತ್ತಾರೆ. ಪ್ಲಗ್ಗಿನ ಕಿಡಿಯೂ ಒಂದು ಪುಟ್ಟ ಟ್ರಾನ್ಸ್‌ಮಿಟರೇ. ಎಎಂನಲ್ಲಿ ದನಿ ಕೂತಿರುವುದು ಅಲೆಯ ಎತ್ತರದ ಏರಿಳಿತದಲ್ಲಿ, ಕಿಡಿ ಕೆಡಿಸುವುದೂ ಅದನ್ನೇ. ಎಫ್‌ಎಂಗೆ ಇದರ ಕಾಟ ಕಮ್ಮಿ. ಇಂಜಿನ್ ನಿಲ್ಲಿಸಿ ಒಂದು ಪ್ಲಗ್ ಕೇಬಲ್ ಕಳಚಿ ಅಳೆಯುತ್ತಾರೆ. ಸದ್ದು ತಡೆಯುವ ಕೇಬಲ್ಲಿಗೆ ಕೆಲವು ಸಾವಿರ ಓಮ್ ಇರಬೇಕು. ಇದು ಸೊನ್ನೆಯ ಹತ್ತಿರ. ಯಾರೋ ಸಾದಾ ತಾಮ್ರದ ಕೇಬಲ್ ಹಾಕಿದ್ದಾರೆ.

"ನಾಳೆ ಬೆಳಿಗ್ಗೆ ಬನ್ನಿ. ನಾಲ್ಕೂ ಪ್ಲಗ್ ಕೇಬಲ್ ತರ್ಸಿಟ್ಟಿರ್ತೇನೆ, ಡಿಕ್ಕಿ ಬೀಡಿಂಗೂ ಹಾಕುವ. ಅದು ಹಾಕ್ದಿದ್ರೆ ಮುಂದಿನ ಮಳೆಗೆ ಅರ್ಥ್ ಮತ್ತೆ ಹೋಗ್ತದೆ."

"ಎಷ್ಟೊತ್ತಿಗೆ ಬರ್ಲಿ?" ಮೇಷ್ಟ್ರು ಕೇಳುತ್ತಾರೆ.

"ಒಂಬತ್ತಕ್ಕೆ."