ಫರಸಿಯ ನಾಡಿನಲ್ಲಿ ಅಲುಗಿದ ಕ್ಯಾಮರಾ

ಛಾಯಾಚಿತ್ರ ತೆಗೆಯುವಾಗ ಕೈ ಅಲುಗಬಾರದು. ಇದು ಆ ವಿದ್ಯೆಯ ಮೊದಲನೆಯ ಪಾಠ. ಮದುವೆಯ ಮಂಟಪದಲ್ಲಿ ವಧೂವರರ ಚಿತ್ರ ತೆಗೆಯುವ ಸೋದರಮಾವನ ಕೈ ಒಂದಿಷ್ಟು ನಡುಗಿತೆಂದರೆ, ಮುಂದೆ ಇಪ್ಪತ್ತು ವರ್ಷಗಳ ಕಾಲ ಆತ ಆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಹೀಗಿರುವಾಗ, ಬೇಕೆಂದೇ ಕ್ಯಾಮರಾ ಅಲುಗಿಸಿ ಚಿತ್ರ ತೆಗೆಯುವುದಕ್ಕಾಗಿ ಬೆಂಗಳೂರಿನಿಂದ ಐನೂರು ಕಿಲೋಮೀಟರಿಗೂ ಮೀರಿದ ಪ್ರಯಾಣ ಹೊರಟಿದ್ದೇನೆಂದು ಹೇಳಿದಾಗ, ನನ್ನ ಮನೆಯವರು ನನ್ನನ್ನು ಒಂದು ಕ್ಷಣ ಕನಿಕರದಿಂದ ನೋಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ. “ಅಲುಗಿಸುವುದಾದರೆ ಇಲ್ಲಿಯೇ ನಮ್ಮ ಹಿತ್ತಿಲಿನಲ್ಲಿ ಅಲುಗಿಸಬಾರದೇ?” ಎಂದು ನನ್ನಾಕೆ ಕೇಳಿದಳು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ.

ವಾಚಕರಿಗೆ ಈ ಹುಚ್ಚಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಹಗಲಿನಲ್ಲಿ ಕ್ಯಾಮರಾದ ಕಣ್ಣು ಸಾಮಾನ್ಯವಾಗಿ ಸೆಕೆಂಡಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಡಮೆ ಹೊತ್ತು ತೆರೆದು ಮುಚ್ಚಿಕೊಳ್ಳುತ್ತದೆ. ಅದನ್ನು ಕಾಲು ಸೆಕೆಂಡೋ ಅರ್ಧ ಸೆಕೆಂಡೋ ತೆರೆದಿಟ್ಟು, ಅಷ್ಟರೊಳಗೆ ಕ್ಯಾಮರಾವನ್ನು ಮೇಲಕ್ಕೋ ಪಕ್ಕಕ್ಕೋ ಸರಿಸಿದರೆ, ಎದುರಿನ ಬೆಳಕೆಲ್ಲ ಕುಂಚದಿಂದ ಎಳೆದ ಬಣ್ಣದಂತೆ ಹರಡಿಕೊಳ್ಳುತ್ತದೆ. ಮರವು ಮರವಾಗಿ ಉಳಿಯದೆ ಹಸುರಿನ ಒಂದು ಗೆರೆಯಾಗುತ್ತದೆ. ಹೊಲವು ಹೊಲವಾಗಿ ಉಳಿಯದೆ ಹಳದಿಯ ಒಂದು ಪಟ್ಟೆಯಾಗುತ್ತದೆ. ಕೈ ಮಾತ್ರ ಅಳುಕಬಾರದು. ನಮ್ಮ ತಾಯಂದಿರು ರಂಗೋಲಿಯ ಎಳೆ ಎಳೆಯುವುದನ್ನು ನೆನೆಯಿರಿ: ಪುಡಿ ಬೀಳುವುದಕ್ಕೆ ಮೊದಲೇ ಕೈ ಹೊರಟಿರುತ್ತದೆ, ಎಳೆ ಮುಗಿದ ಮೇಲೂ ಕೈ ತುಸು ಮುಂದೆ ಹೋಗಿ ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ. ಐವತ್ತು ಚಿತ್ರ ತೆಗೆದರೆ ಇಟ್ಟುಕೊಳ್ಳುವಂಥವು ಎರಡು ಸಿಕ್ಕರೆ ಅದೇ ಪುಣ್ಯ.

ಇದು ನಿನ್ನೆ ಮೊನ್ನೆಯ ಹುಚ್ಚೂ ಅಲ್ಲ. ಅಲೆಕ್ಸಿ ಬ್ರೋಡೊವಿಚ್ ಎಂಬಾತ 1945ರಲ್ಲಿ ಪ್ರಕಟಿಸಿದ ‘ಬ್ಯಾಲೆ’ ಎಂಬ ಪುಸ್ತಕದಲ್ಲಿ ನರ್ತಕಿಯರು ಹೊಗೆಯಂತೆ, ಬೆಳಕಿನಂತೆ ಕದಡಿಹೋಗಿದ್ದರು. ವಿಯೆನ್ನಾದಲ್ಲಿ ಹುಟ್ಟಿದ ಅರ್ನ್‌ಸ್ಟ್ ಹಾಸ್ 1957ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಗೂಳಿಕಾಳಗದ ವರ್ಣಚಿತ್ರಗಳನ್ನು ಪ್ರಕಟಿಸಿದಾಗ, ಗೂಳಿಯೂ ಮನುಷ್ಯನೂ ಚಲನೆಯಲ್ಲಿ ಕರಗಿ ಒಂದಾಗಿದ್ದುದನ್ನು ಜನ ಕಂಡರು. 1962ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆತನ ವರ್ಣಚಿತ್ರಗಳ ಪ್ರದರ್ಶನವನ್ನೇ ಏರ್ಪಡಿಸಿತು. ನಿಂತ ವಸ್ತುವಿನ ಮುಂದೆ ಕ್ಯಾಮರಾವನ್ನೇ ನಡೆಸುವ ನಮ್ಮ ಪದ್ಧತಿ ಅದೇ ದಾರಿಯ ಮುಂದಿನ ಹೆಜ್ಜೆ.

ಇನ್ನು ಈ ಸೀಮೆಯನ್ನೇ ಏಕೆ ಆರಿಸಿಕೊಂಡೆನೆಂಬುದು. “ಅಲ್ಲಿ ನೋಡುವುದಕ್ಕೇನಿದೆ? ಕಲ್ಲು, ಸಿಮೆಂಟು, ಬಿಸಿಲು” ಎಂದು ಕಲಬುರಗಿಯ ಸ್ನೇಹಿತರೊಬ್ಬರು ಹೇಳಿದ್ದರು. ನೋಡುವುದಕ್ಕೇನೂ ಇಲ್ಲವೆನ್ನುವ ಕಡೆಯೇ ನನ್ನ ಕೈ ಪರೀಕ್ಷೆಗೆ ನಿಲ್ಲಬೇಕೆಂದು ನನಗೆ ತೋರಿತು.

ಕಾರ್ತಿಕ ಮಾಸದ ಒಂದು ನಸುಕಿನಲ್ಲಿ ವಾಡಿಯಲ್ಲಿ ಇಳಿದೆ. ಮುಂಬಯಿ ಕಡೆಯಿಂದ ರಾಯಚೂರಿಗೆ ಹೋಗುವ ಹಳಿ ಇಲ್ಲಿಗೆ ಬಂದದ್ದು 1871ರಲ್ಲಿ. ನಿಜಾಮರ ಕಾಲದ ಸಿಕಂದರಾಬಾದ್ ಹಳಿ ಬಂದು ಕೂಡಿಕೊಂಡದ್ದು 1874ರಲ್ಲಿ. ಅಂದಿನಿಂದ ವಾಡಿ ಎಂದರೆ ಜಂಕ್ಷನ್. ಊರ ಹೊರಗಿನ ರಸ್ತೆಯ ಬದಿಯಲ್ಲಿ ನಿಂತು, ಸುಣ್ಣದ ಧೂಳು ಹೊದ್ದ ಗೂಡ್ಸ್ ಗಾಡಿಯೊಂದನ್ನು ಸೆಕೆಂಡಿನ ಹದಿನೈದರಲ್ಲಿ ಒಂದು ಪಾಲಿನ ವೇಗದಲ್ಲಿ ಹಿಂಬಾಲಿಸಿದೆ. ಗಾಡಿ ಸಾಗಿದಂತೆಯೇ ಕ್ಯಾಮರಾ ಸಾಗಿದರೆ ಗಾಡಿ ನಿಂತಂತೆ ಕಾಣುತ್ತದೆ, ಲೋಕ ಓಡುತ್ತದೆ. ಕಾರ್ಖಾನೆಯ ಚಿಮಣಿ, ಜಾಲಿಯ ಪೊದೆ, ಚಹದಂಗಡಿಯ ದೀಪ ಎಲ್ಲವೂ ಗೆರೆಗಳಾಗಿ ಹರಿದುಹೋದವು. ಮನಸ್ಸು ಹಿಗ್ಗಿತು.

ಅದೇ ಹಿಗ್ಗಿನಲ್ಲಿ ಹತ್ತಿರದ ಶಹಾಬಾದಿಗೆ ಹೋದೆ. ಈ ಊರಿನ ಹೆಸರನ್ನು ಕೇಳದವರೂ ಇದರ ಮೇಲೆ ನಡೆದಿರುತ್ತಾರೆ. ದಖ್ಖನಿನ ಎಷ್ಟೋ ಮನೆಗಳ, ಶಾಲೆಗಳ, ರೈಲು ನಿಲ್ದಾಣಗಳ ನೆಲದಲ್ಲಿ ಹಾಸಿರುವ ಫರಸಿ ಇಲ್ಲಿಯದು. ಭೂಶಾಸ್ತ್ರಜ್ಞರು ಭೀಮಾ ಶಿಲಾಸಮೂಹಕ್ಕೆ ಸೇರಿಸುವ ಈ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತದ್ದು. ಆದುದರಿಂದಲೇ ಉಳಿ ಇಟ್ಟು ಸುತ್ತಿಗೆಯಿಂದ ಬಡಿದು ಹಾರೆಯಿಂದ ಮೀಟಿದರೆ ಪುಸ್ತಕದ ಹಾಳೆಯಂತೆ ಮೇಲೇಳುತ್ತದೆ. ಈಗ ಯಂತ್ರದ ಗರಗಸಗಳೂ ಬಂದಿವೆ.

ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಬೆಳಕನ್ನು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜನ್ನು ಕ್ಯಾಮರಾದ ಮುಂದೆ ಸಿಕ್ಕಿಸಿ, ಖಣಿಯ ಗೋಡೆಯ ಪದರಗಳ ಗುಂಟ ಅಡ್ಡಲಾಗಿ ಸರಿಸಿದೆ. ಬೂದು, ನೀಲಿ, ಮಾಸಿದ ಹಳದಿ. ಮೂರು ಬಣ್ಣಗಳು ಸೀರೆಯ ಅಂಚಿನಂತೆ ಒಂದರ ಮೇಲೊಂದು ಹಾಸಿಕೊಂಡವು. ಚೌಕಟ್ಟಿನೊಳಗೆ ಸುತ್ತಿಗೆ ಹಿಡಿದ ಒಬ್ಬ ಕೆಲಸಗಾರನೂ ಇದ್ದ. ಆತನ ಕೆಂಪು ರುಮಾಲು ಒಂದು ಕಿಡಿಯಂತೆ ಎಳೆದುಕೊಂಡಿತ್ತು. ನನ್ನ ಜೀವನದಲ್ಲೇ ಇಂಥ ಚಿತ್ರ ಬಂದಿಲ್ಲವೆಂದು ಹೆಮ್ಮೆಯಿಂದ ಆತನಿಗೆ ತೋರಿಸಿದೆ.

ಆತ ಕೈಯನ್ನು ಧೋತರಕ್ಕೆ ಒರಸಿಕೊಂಡು ಬಹಳ ಹೊತ್ತು ನೋಡಿದ.

“ಛಂದ ಅದ್ರಿ ಸಾಹೇಬ್ರ. ಆದ್ರ ಇದ್ರಾಗ ನಾ ಎಲ್ಲಿದ್ದೀನ್ರಿ? ಮಾರಿನೇ ಕಾಣವಲ್ದು.”

ನಾನು ಕೆಂಪು ಗೆರೆಯನ್ನು ತೋರಿಸಿದೆ. ಆತ ನಕ್ಕ, ನಗುತ್ತಲೇ ಹೇಳಿದ: “ನಮ್ಮಪ್ಪನೂ ಇಲ್ಲೇ ಕಲ್ಲು ತಗದು ತಗದು ಹೋದ್ರಿ. ಹಾರ ಹಾಕ್ಲಾಕ ಒಂದು ಛಲೋ ಫೋಟೊ ಇಲ್ಲ. ಒಂದು ಕಾರ್ಡಿನಾಗ ಇತ್ತು, ಅದೂ ಹಿಂಗೇ ಮಸುಕು.”

ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆದರೆ ನನ್ನ ಹೆಮ್ಮೆ ಅಲ್ಲಿಯೇ ಇಳಿದುಹೋಯಿತು. ನನ್ನ ಮನೆಯ ಗೋಡೆಗಳ ಮೇಲೆ ಮೂರು ತಲೆಮಾರಿನ ಸ್ಪಷ್ಟ ಮುಖಗಳಿವೆ; ಅಷ್ಟೆಲ್ಲ ಇರುವುದರಿಂದಲೇ ನನಗೆ ಮಸುಕು ಎಂಬುದು ವಿನೋದವಾಗಿದೆ. ಒಂದು ಮುಖವೂ ಉಳಿಯದವನಿಗೆ ಅದು ಹಾಗಲ್ಲ. ಕಪ್ಪು ಗಾಜನ್ನು ತೆಗೆದೆ. ಆತ ರುಮಾಲನ್ನು ಸರಿಮಾಡಿಕೊಂಡು, ಅಂಗಿಯ ಗುಂಡಿ ಹಾಕಿಕೊಂಡು, ಫರಸಿಯ ರಾಶಿಯ ಮುಂದೆ ನೇರವಾಗಿ ನಿಂತ. ಉಸಿರು ಬಿಗಿಹಿಡಿದು, ಮೊದಲನೆಯ ಪಾಠದಂತೆ ಕೈ ಅಲುಗಿಸದೆ ಚಿತ್ರ ತೆಗೆದೆ. ಹಿಂದಿರುಗುವ ದಾರಿಯಲ್ಲಿ ಪ್ರತಿ ತಂದುಕೊಡುತ್ತೇನೆಂದು ಮಾತು ಕೊಟ್ಟೆ.

ಅಲ್ಲಿಂದ ಮುಂದಿನ ಪ್ರಯಾಣವೇ ಬೇರೆಯಾಯಿತು. ಯಾವುದನ್ನು ಅಲುಗಿಸಬಹುದು, ಯಾವುದರ ಮುಂದೆ ಕೈ ನಿಲ್ಲಬೇಕು ಎಂದು ಪ್ರತಿಯೊಂದು ಸಲವೂ ಕೇಳಿಕೊಳ್ಳುವಂತಾಯಿತು.

ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದೊಂದು ಘಟಿಕಾಸ್ಥಾನ. ಇಂದಿನ ಮಾತಿನಲ್ಲಿ ವಿಶ್ವವಿದ್ಯಾಲಯವೆನ್ನಬಹುದು. 1058ರ ಶಾಸನವು ಇಲ್ಲಿಯ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಮಾತ್ರವಲ್ಲದೆ, ಪುಸ್ತಕಗಳನ್ನು ಕಾಯುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಲೆಕ್ಕವಿಟ್ಟು ಹೇಳುತ್ತದೆ. ಅರವತ್ತು ಕಂಬದ ಗುಡಿಯ ಸಾಲುಕಂಬಗಳ ಮುಂದೆ ಕ್ಯಾಮರಾವನ್ನು ಕೆಳಗಿನಿಂದ ಮೇಲಕ್ಕೆ ಎತ್ತಿದೆ. ಕಂಬಗಳು ಮಳೆಯ ಧಾರೆಯಂತೆ ಇಳಿದವು. ಆದರೆ ಅಕ್ಷರ ಕೊರೆದ ಕಲ್ಲಿನ ಮುಂದೆ ಕೈ ತಾನಾಗಿಯೇ ನಿಂತಿತು. ಓದಲೆಂದು ಕೊರೆದುದನ್ನು ಕದಡುವ ಅಧಿಕಾರ ನನಗೆ ಯಾರು ಕೊಟ್ಟರು?

ಊರಾಚೆ ತೊಗರಿ ಹೂವಾಡುತ್ತಿತ್ತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ನಮ್ಮ ಬೆಂಗಳೂರಿನ ಸಾರಿಗೂ ಈ ಸೀಮೆಗೂ ಇರುವ ನಂಟನ್ನು ನಾನು ಅದುವರೆಗೆ ಎಣಿಸಿರಲಿಲ್ಲ. ಗಾಳಿ ಬೀಸಿದ ಕಡೆಗೇ ಕ್ಯಾಮರಾ ಸರಿಸಿದೆ: ಕೆಳಗೆ ಎರೆಮಣ್ಣಿನ ಕಪ್ಪು, ನಡುವೆ ಹಸುರು, ಮೇಲೆ ಹಳದಿ. ಹೊಲದೊಡತಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಪುಂಡಿ ಪಲ್ಯವನ್ನೂ ಶೇಂಗಾ ಹಿಂಡಿಯನ್ನೂ ಇಟ್ಟು ಕೊಟ್ಟಳು. ಆಕೆಯ ಚಿತ್ರವನ್ನು ಮೊದಲು ಸ್ಪಷ್ಟವಾಗಿ ತೆಗೆದೆ. ಹೊಲದ ಚಿತ್ರ ತೋರಿಸಿದ್ದು ಆಮೇಲೆ.

ಮರುದಿನ ಸೇಡಂ ಹಾದಿಯಲ್ಲಿ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಇಲ್ಲಿಂದ ಆಳಿದ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ ಅವನ ಆಸ್ಥಾನದ ಕೊಡುಗೆ. ಈಗ ಉಳಿದಿರುವುದು ಕಾಗಿಣಾ ನದಿಯ ದಂಡೆಯ ಕೋಟೆ. ಸಂಜೆಯಲ್ಲಿ ಅದರ ಬಿಂಬ ನೀರಿಗೆ ಬಿದ್ದಾಗ ಕ್ಯಾಮರಾ ಸರಿಸುವುದಕ್ಕೆ ಹೊರಟೆ. ಅಷ್ಟರಲ್ಲಿ ಎಮ್ಮೆಯೊಂದು ನೀರಿಗಿಳಿಯಿತು. ನಾನು ಮಾಡಬೇಕಾದ ಕೆಲಸವನ್ನು ಅಲೆಗಳೇ ಮಾಡಿದವು. ರಾಜಧಾನಿ ಕದಡಿ, ಮತ್ತೆ ಕೂಡಿ, ಮತ್ತೆ ಕದಡಿತು. ಕಾಲವು ಸಾವಿರ ವರ್ಷಗಳಲ್ಲಿ ಮಾಡಿದ್ದನ್ನು ಎಮ್ಮೆ ಅರೆಕ್ಷಣದಲ್ಲಿ ತೋರಿಸಿಕೊಟ್ಟಿತು.

ಸೇಡಮಿನಿಂದ ಚಿಂಚೋಳಿಗೆ ಬಸ್ಸು. ಬಯಲಿನ ನಾಡು ಇಲ್ಲಿ ಇದ್ದಕ್ಕಿದ್ದಂತೆ ಕಾಡಾಗುತ್ತದೆ. 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಸುಮಾರು 134 ಚದರ ಕಿಲೋಮೀಟರ್ ಅರಣ್ಯ ಇದು. ಚಂದ್ರಂಪಳ್ಳಿ ಜಲಾಶಯದ ಬಳಿಯ ಮರಗಳ ಮುಂದೆ ಅರ್ಧ ಸೆಕೆಂಡಿನ ಹೊತ್ತು ಕ್ಯಾಮರಾವನ್ನು ಮೇಲಕ್ಕೆ ಸೆಳೆದಾಗ, ಕಾಂಡಗಳು ಬೆಳ್ಳಿಯ ನೂಲುಗಳಾದವು. ತಾಂಡಾದ ಕಡೆಯಿಂದ ಬರುತ್ತಿದ್ದ ಲಂಬಾಣಿ ಅಜ್ಜಿಯೊಬ್ಬಳ ಕನ್ನಡಿ ಹೊಲಿದ ಕೆಂಪು ಉಡುಪು ಬಿಸಿಲಿನಲ್ಲಿ ಮಿನುಗಿತು. ಅಲುಗಿಸಿದ್ದರೆ ಅದ್ಭುತವಾದ ಚಿತ್ರವಾಗುತ್ತಿತ್ತು. ಕೇಳಿದೆ; ಆಕೆ ಬೇಡವೆಂದು ತಲೆಯಾಡಿಸಿದಳು. ಕ್ಯಾಮರಾ ಕೆಳಗಿಳಿಸಿದೆ. ಆ ಚಿತ್ರ ನನ್ನಲ್ಲಿಲ್ಲ. ಅದಕ್ಕಾಗಿ ದುಃಖವೂ ಇಲ್ಲ.

ಕಲಬುರಗಿಯ ಅಂಗಡಿಯೊಂದರಲ್ಲಿ ಎರಡು ಚಿತ್ರಗಳನ್ನೂ ಮುದ್ರಿಸಿಕೊಂಡು ಶಹಾಬಾದಿಗೆ ಮರಳಿದೆ. ಕೆಲಸಗಾರನು ತನ್ನ ಮುಖದ ಚಿತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡು, ನೋಡಿ, ಮಾತಿಲ್ಲದೆ ಹೆಂಡತಿಯ ಕೈಗೆ ಕೊಟ್ಟ. ಅಲುಗಿದ ಚಿತ್ರವನ್ನು ನಾನು ಚೀಲದಲ್ಲಿಯೇ ಬಚ್ಚಿಟ್ಟಿದ್ದೆ. ಆತನೇ ಕೇಳಿದ: “ಅವತ್ತಿಂದು ಅದೂ ಐತೇನ್ರಿ?”

ಸಂಕೋಚದಿಂದ ಹೊರತೆಗೆದೆ. ಆತ ಗೆರೆಗಳ ಮೇಲೆ ಬೆರಳಾಡಿಸಿದ. “ಇದು ಮ್ಯಾಲಿನ ಪದರ್ರಿ, ಹಳದಿ; ಲಗೂ ಒಡೀತದ. ಇದು ಬೂದಿ ಬಣ್ಣದ್ದು. ಇದು ತಳದಾಗಿನ ನೀಲಿ, ಗಟ್ಟಿ. ಇದಕ್ಕೇ ರೊಕ್ಕ ಜಾಸ್ತಿ. ನಮ್ಮ ಖಣಿ ಭಾಳ ಬರೊಬ್ಬರಿ ಬಂದದ.”

ನಾನು ಬಣ್ಣವೆಂದು ತೆಗೆದದ್ದನ್ನು ಆತ ಅಕ್ಷರದಂತೆ ಓದಿದ್ದ! ಅದನ್ನೂ ಅಲ್ಲಿಯೇ ಬಿಟ್ಟುಬಂದೆ.

ಮನೆಗೆ ಬಂದ ಮೇಲೆ ನನ್ನಾಕೆಯ ಪ್ರಶ್ನೆಗೆ ಉತ್ತರ ಹೇಳಿದೆ. ಹಿತ್ತಿಲಿನಲ್ಲಿಯೂ ಅಲುಗಿಸಬಹುದು, ನಿಜ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕಲಿಯಲು ಮಾತ್ರ ಅಷ್ಟು ದೂರ ಹೋಗಬೇಕಾಯಿತು. ಆಕೆ ನಕ್ಕು, ನಡುಮನೆಯ ನೆಲವನ್ನು ತೋರಿಸಿದಳು. ಮೂವತ್ತು ವರ್ಷಗಳಿಂದ ನಾವು ನಡೆದಾಡುತ್ತಿರುವುದು ಶಹಾಬಾದಿನ ಫರಸಿಯ ಮೇಲೆಯೇ.