ಗಾಡಿ ಬದಲಾಯ್ತು, ಅಷ್ಟೆ
ಹತ್ತು ವರ್ಷದಲ್ಲಿ ನಾಲ್ಕು ಕಂಪನಿ ಬದಲಿಸಿದವನು ನಾನು. ‘ಒಂದು ಕಡೆ ನಿಲ್ಲೋಕಾಗಲ್ವೇನೋ?’ ಅಂತ ಮಾವ ಕೇಳಿದಾಗಲೆಲ್ಲ ನೆನಪಾಗೋದು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್.

2005ರಲ್ಲಿ ಜೋರ್ಡನ್ ತಂಡ ಸೇರಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಟೈರ್ ತಕರಾರಿನಿಂದ ಬರೀ ಆರು ಕಾರು ಓಡಿದವು, ಇವರು ನಾಲ್ಕನೆಯವರು. ಎಫ್ ಒನ್‌ನಲ್ಲಿ ಗಳಿಸಿದ್ದು ಆ ಐದು ಅಂಕ ಮಾತ್ರ.

ನಮ್ಮಲ್ಲಿ ಬಹಳ ಜನರಿಗೆ ಅವರ ಕಥೆ ಅಲ್ಲಿಗೇ ಮುಗೀತು. ಅವರಿಗೆ ಮುಗೀಲಿಲ್ಲ. ಎ1 ಜಿಪಿ, ಅಮೆರಿಕದ ನಾಸ್ಕಾರ್ ಟ್ರಕ್, ಮತ್ತೆ ಎಫ್ ಒನ್, ಆಮೇಲೆ ಜಪಾನಿನ ಸೂಪರ್ ಫಾರ್ಮುಲಾ. ಪ್ರತಿ ಸಲವೂ ಹೊಸ ಗಾಡಿ, ಹೊಸದಾಗಿ ಕಲಿಕೆ. 2019ರ ನವೆಂಬರ್‌ನಲ್ಲಿ ಫುಜಿಯಲ್ಲಿ ಸೂಪರ್ ಜಿಟಿ, ಡಿಟಿಎಂ ಕಾರುಗಳು ಒಟ್ಟಿಗೆ ಓಡಿದ ರೇಸ್ ಗೆದ್ದಾಗ ಅವರಿಗೆ 42.

ಈ ರೆಸ್ಯೂಮೆ ನೋಡಿದರೆ ಎಚ್‌ಆರ್‌ನವರು ‘ಸ್ಥಿರತೆ ಇಲ್ಲ’ ಅಂತ ಬದಿಗಿಟ್ಟಾರು. ನನ್ನ ಕೇಳಿದ್ರೆ, ಅವರು ಕೆಲಸ ಬದಲಿಸಲೇ ಇಲ್ಲ.